ಶುಕ್ರವಾರದ ತಡೆ

ಇನ್ನೂ ಕಟ್ಟಿರದ ಮನೆಗಳನ್ನು ಜನರಿಗೆ ತೋರಿಸುವುದು ನನ್ನ ಅಕ್ಕನ ಕೆಲಸ. ತಮಿಳು ಸೀಮೆಗೆ ಸೇರಿದ ತಾಳವಾಡಿ ಹತ್ತಿರದ ದೊಡ್ಡಗಾಜನೂರಿನ ಅವಳ ಮನೆಯ ಮುಂದಿನ ಕೋಣೆಯಲ್ಲಿ ಒಂದು ಕಂಪ್ಯೂಟರ್ ಇದೆ. ಮೇಜಿನ ಕೆಳಗೆ ಕೂರುವ ದೊಡ್ಡ ಪೆಟ್ಟಿಗೆಯದು, ಒಳಗೆ ಚಿತ್ರಕ್ಕೆಂದೇ ಬೇರೆ ಗ್ರಾಫಿಕ್ಸ್ ಕಾರ್ಡ್ ಹಾಕಿಸಿದ್ದು. ಸೈಟಿನ ಅಳತೆ ತಂದುಕೊಟ್ಟರೆ ಅವಳು ಮೊದಲು ನಕ್ಷೆ ಬರೆಯುತ್ತಾಳೆ, ಆಮೇಲೆ ಅದನ್ನೇ ಗೋಡೆ, ಬಾಗಿಲು, ತಾರಸಿಯಾಗಿ ಎಬ್ಬಿಸುತ್ತಾಳೆ. ಕಟ್ಟಿಸುವವರು ಒಳ್ಳೆಯ ದಿನವೆಂದು ಹೆಚ್ಚಾಗಿ ಶುಕ್ರವಾರವೇ ಬರುತ್ತಾರೆ. ಬಂದು ಕುರ್ಚಿಯಲ್ಲಿ ಕುಳಿತರೆ, ಪರದೆಯ ಮೇಲೆ ಅವರನ್ನು ಬೀದಿಯಿಂದ ಹೊಸ್ತಿಲು ದಾಟಿಸಿ ಹಾಲ್, ಅಡುಗೆಮನೆ, ದೇವರಮನೆ ಎಲ್ಲ ಸುತ್ತಿಸುತ್ತಾಳೆ. ನಮ್ಮ ಕಡೆ ಕಾಗದದ ನಕ್ಷೆ ಓದಬಲ್ಲವರು ಕಡಿಮೆ. ಆದರೆ ನಡೆದು ನೋಡಿದ ಮನೆಯ ತಪ್ಪನ್ನು ಎಲ್ಲರೂ ಹಿಡಿಯುತ್ತಾರೆ.

ಈ ಕೆಲಸ ಮುಚ್ಚುವ ಹಂತಕ್ಕೆ ಬಂದದ್ದು ವಿಚಿತ್ರವಾದ ಕಾರಣಕ್ಕೆ. ಅವಳ ಮನೆಗಳು ಹೊಸ್ತಿಲಲ್ಲಿ ನಿಂತುಬಿಡುತ್ತಿದ್ದವು.

ನಾನು ಮೊದಲ ಸಲ ಕಣ್ಣಾರೆ ನೋಡಿದ್ದು ತಿಗನಾರೆಯಿಂದ ಒಬ್ಬ ಹಿರಿಯರು ಬಂದ ದಿನ. ಮಗನಿಗಾಗಿ ಎರಡು ಅಂಕಣದ ಮನೆ ಕಟ್ಟಿಸಬೇಕೆಂದಿದ್ದರು. ಟವೆಲನ್ನು ತೊಡೆಯ ಮೇಲೆ ಹಾಸಿಕೊಂಡು ಪರದೆಗೆ ಮುಖ ಚಾಚಿ ಕುಳಿತಿದ್ದರು. ಅಕ್ಕ ಮೌಸ್ ಹಿಡಿದು ಬೀದಿಯಿಂದ ಮೆಟ್ಟಿಲು ಹತ್ತಿಸಿದಳು. ತೇಗದ ಬಣ್ಣದ ಬಾಗಿಲು ತೆರೆಯಲು ಹೊರಟಿತು, ಅರ್ಧಕ್ಕೆ ನಿಂತಿತು. ಚಿತ್ರ ಕಲ್ಲಾಯಿತು. ಪೆಟ್ಟಿಗೆಯೊಳಗಿನ ಫ್ಯಾನ್ ಮಾತ್ರ ಜೋರಾಗಿ ತಿರುಗುತ್ತಿತ್ತು. ಮತ್ತೆ ಒಂದು ಹೆಜ್ಜೆ ಮುಗ್ಗರಿಸಿ ಹಾಲಿಗೆ ಬಂತು, ಮತ್ತೆ ನಿಂತಿತು.

ಹಿರಿಯರು ನಿಧಾನವಾಗಿ ಎದ್ದರು. "ತಡೆ ಅದೆ ಕನವ್ವ," ಎಂದರು.

"ಇಲ್ಲ ಕನಣ್ಣ, ಕಂಪ್ಯೂಟ್ರು ಒಸಿ ನಿಧಾನ. ಈಗ ಸರಿಯಾಯ್ತದೆ, ಕುಂತ್ಕಳಿ."

"ಸುಕ್ರವಾರ, ಒಳ್ಳೆ ಒತ್ತು ನೋಡ್ಕಂಡು ಬಂದಿವ್ನಿ. ಬಾಗ್ಲಲ್ಲೇ ತಡೀತು. ಕಟ್ಟಿದ್ಮೇಲೆ ತಡುದ್ರೆ ಏನವ್ವ ಮಾಡದು?"

ಅವರಿಗೆ ಕೋಪ ಇರಲಿಲ್ಲ. ಬೇಸರವೇ ಹೆಚ್ಚು. ಆಮೇಲೆ ಚಾಮರಾಜನಗರದಲ್ಲಿ ಇದೇ ಕೆಲಸ ಮಾಡುವವನ ಹತ್ತಿರ ಹೋದರೆಂದು ತಿಳಿಯಿತು. ಮನೆಯ ವಿಷಯದಲ್ಲಿ 'ತಡೆ' ಎಂಬ ಮಾತು ಒಮ್ಮೆ ಬಿತ್ತೆಂದರೆ ನಮ್ಮಲ್ಲಿ ಅದನ್ನು ವಾದ ಮಾಡಿ ಎತ್ತಲು ಆಗುವುದಿಲ್ಲ. ಕಣ್ಣಿಗೆ ಕಾಣದ ಏನೋ ಒಂದು ಅಡ್ಡ ನಿಂತಿದೆ ಎಂದು ಅರ್ಥ. ಕುಂಬಳಕಾಯಿ ಒಡೆದು ತೆಗೆಯುವಂಥದ್ದು, ಇಲ್ಲವೇ ಸುಮ್ಮನೆ ಬೇರೆ ಕಡೆ ಹೋಗಿಬಿಡುವಂಥದ್ದು. ಹೆಚ್ಚಿನವರು ಬೇರೆ ಕಡೆ ಹೋದರು.

ಭಾವನಿಗೆ ಆ ಕೋಣೆ ಈರುಳ್ಳಿಗೆ ಬೇಕಿತ್ತು. ಗಾಳಿಯಾಡುವ, ಇಲಿ ನುಗ್ಗದ ಕೋಣೆ ಅದೊಂದೇ. ಅವರು ಬಾಯಿಬಿಟ್ಟು ಕೇಳಿದವರಲ್ಲ. ಆದರೆ ಸಂಜೆ ಹೊಲದಿಂದ ಬಂದು ಅದೇ ಬಾಗಿಲಿಗೆ ಒರಗಿ ನಿಂತು, ಒಳಗೆ ಎಷ್ಟು ಮೂಟೆ ಹಿಡಿಸಬಹುದೆಂದು ಕಣ್ಣಲ್ಲೇ ಅಳೆಯುವುದನ್ನು ನಾನು ನೋಡಿದ್ದೇನೆ. ಪಣಕಹಳ್ಳಿಯಿಂದ ಒಂದು ಗಂಡ ಹೆಂಡತಿ ಬಂದು ಅಳತೆ ಕೊಟ್ಟುಹೋದ ವಾರ ಅಕ್ಕ ನನಗೆ ಹೇಳಿದಳು: "ಇವ್ರೂ ಎದ್ದು ಓದ್ರೆ ಮುಗೀತು ಕಣ್ಲಾ. ಕೋಣೆ ಈರುಳ್ಳಿಗೇ ಬುಟ್ಟುಬುಡ್ತೀನಿ. ಒಲದ ಕೆಲ್ಸ ಎಲ್ಲೂ ಓಗಲ್ಲ."

ಅಳು ಇರಲಿಲ್ಲ ದನಿಯಲ್ಲಿ. ಅದೇ ನನ್ನನ್ನು ಕಾಡಿತು.

ನಾನು ಮೈಸೂರಿನಲ್ಲಿ ಭೌತಶಾಸ್ತ್ರ ಓದಿದವನು. ಯಾವ ಶಾಲೆಯಲ್ಲೂ ಬಹಳ ಕಾಲ ನಿಲ್ಲದೆ, ಸತ್ಯಮಂಗಲ, ಚಾಮರಾಜನಗರ ಎಲ್ಲ ಸುತ್ತಿ, ಈಗ ತಾಳವಾಡಿಯಲ್ಲಿ ಟ್ಯೂಶನ್ ಹೇಳಿಕೊಂಡಿದ್ದೇನೆ. ನಂಬುವ ಮೊದಲು ಅಳೆಯಬೇಕು ಎಂಬುದೊಂದೇ ಆ ಓದಿನಿಂದ ನನ್ನಲ್ಲಿ ಉಳಿದಿರುವುದು. ಈಚೆಗೆ ಅಳೆಯುವ ಉಪಕರಣದ ಮೇಲೇ ಅನುಮಾನ ಬಂದಿದೆ, ಎಂದರೆ ನನ್ನ ತಲೆಯ ಮೇಲೆ. ದಿಂಬಂ ಘಾಟಿ ಹತ್ತಿದ ಮೇಲೆ ನೀಲಿ ಬೋರ್ಡಿನ ಟೀ ಅಂಗಡಿ ಇತ್ತಲ್ಲ ಎಂದು ಬಸ್ಸಿನಲ್ಲಿ ಕೇಳಿದರೆ, ಇಪ್ಪತ್ತು ವರ್ಷ ಅದೇ ದಾರಿಯಲ್ಲಿ ಓಡಾಡಿದ ಕಂಡಕ್ಟರು ಅಂಥದ್ದು ಇರಲೇ ಇಲ್ಲ ಎಂದರು. ಆ ಅಂಗಡಿಯ ಬೆಂಚಿನ ತಣ್ಣನೆಯ ಸಿಮೆಂಟು ನನಗೆ ಈಗಲೂ ನೆನಪಿದೆ. ಇಬ್ಬರಲ್ಲಿ ಯಾರು ಸರಿ ಎಂದು ತಿಳಿಯುವ ದಾರಿ ಇಲ್ಲ.

ಅಕ್ಕನ ಕಂಪ್ಯೂಟರಿನ ವಿಷಯದಲ್ಲೂ ಹೀಗೇ ಆಯಿತು. ಸೋಮವಾರವೋ ಬುಧವಾರವೋ ಟ್ಯೂಶನ್ ಮುಗಿಸಿ ಬಂದು ಅದೇ ಮನೆಯೊಳಗೆ ನಡೆದು ನೋಡಿದರೆ ಎಲ್ಲೂ ನಿಲ್ಲುತ್ತಿರಲಿಲ್ಲ. ಬಾಗಿಲು ನಯವಾಗಿ ತೆರೆಯುತ್ತಿತ್ತು, ಕಿಟಕಿಯ ಬೆಳಕು ನೆಲದ ಮೇಲೆ ನಡೆದಂತೆಲ್ಲ ಸರಿಯುತ್ತಿತ್ತು.

"ಸರಿಯಾಗೇ ಓಡ್ತಲ್ಲ ಅಕ್ಕ. ಮೊನ್ನೆ ನಾನೇ ನೋಡ್ದೆ."

"ನಿನ್ ಕನಸ್ನಲ್ಲಿ ಓಡಿರ್ಬೇಕು. ಜನ ಬಂದಾಗ ಒಂದ್ ದಿನಾನಾರ ಓಡದಾ?"

ಅವಳು ಹೀಗೆ ಎರಡು ಮೂರು ಸಲ ಅಂದ ಮೇಲೆ, ನಾನು ನಿಜವಾಗಿಯೂ ನೋಡಿದ್ದೆನೇ ಅಥವಾ ನೋಡಿದೆನೆಂದು ಅಂದುಕೊಂಡಿದ್ದೆನೇ ಎಂಬ ಅನುಮಾನ ನನಗೇ ಬಂತು. ಅಂದಿನಿಂದ ಮೊಬೈಲಿನಲ್ಲಿ ಫೋಟೊ ಹೊಡೆದಿಡಲು ಶುರುಮಾಡಿದೆ. ಮೊಬೈಲು ಹಾಕುವ ತಾರೀಕಿನ ಮೇಲೆ ನನಗೆ ನನಗಿಂತ ಹೆಚ್ಚು ನಂಬಿಕೆ.

ಇಂಟರ್‌ನೆಟ್‌ನಲ್ಲಿ ಹುಡುಕಿ ಓದಿದ ಮೇಲೆ ಒಂದಿಷ್ಟು ತಿಳಿಯಿತು. ಪರದೆಯ ಮೇಲೆ ಕಾಣುವ ಬಣ್ಣ ಬಳಿದ ಗೋಡೆ, ಗಾಜು, ಹೊಳೆಯುವ ಟೈಲ್ಸು, ನೆರಳು, ಹೀಗೆ ಪ್ರತಿಯೊಂದರ ಹಿಂದೆಯೂ ಒಂದು ಪುಟ್ಟ ಪ್ರೋಗ್ರಾಂ ಇರುತ್ತದೆ. ಬೆಳಕು ಬಿದ್ದಾಗ ಅದು ಹೇಗೆ ಕಾಣಬೇಕೆಂದು ಲೆಕ್ಕ ಹಾಕುವುದು ಅದರ ಕೆಲಸ. ಅದಕ್ಕೆ ಶೇಡರ್ ಎನ್ನುತ್ತಾರೆ. ಮನೆ ತೋರಿಸುವ ತಂತ್ರಾಂಶ ಈ ಶೇಡರನ್ನು ಯಾವ ಕಾರ್ಡಿಗೂ ಆಗುವಂಥ ಸಾಮಾನ್ಯ ರೂಪದಲ್ಲಿ ಕೊಡುತ್ತದೆ. ಅದನ್ನು ನಮ್ಮ ಪೆಟ್ಟಿಗೆಯಲ್ಲಿರುವ ಕಾರ್ಡಿಗೆ ಮಾತ್ರ ಅರ್ಥವಾಗುವ ಭಾಷೆಗೆ ತಿರುಗಿಸಬೇಕಾದದ್ದು ಡ್ರೈವರ್, ಎಂದರೆ ಕಾರ್ಡಿನ ಜೊತೆ ಬರುವ ನಡುವಿನ ತಂತ್ರಾಂಶ. ತಿರುಗಿಸಿ ಮುಗಿಯುವವರೆಗೆ ಚಿತ್ರ ಕಾಯುತ್ತದೆ. ಒಮ್ಮೆ ತಿರುಗಿಸಿದ್ದನ್ನು ಡ್ರೈವರ್ ಡಿಸ್ಕಿನ ಒಂದು ಮೂಲೆಯಲ್ಲಿ ಗುರುತು ಹಾಕಿ ಎತ್ತಿಡುತ್ತದೆ. ಅದು ಶೇಡರ್ ಕ್ಯಾಶ್. ಮುಂದಿನ ಸಲ ಅದೇ ಗಾಜು, ಅದೇ ಟೈಲ್ಸು ಎದುರಾದರೆ ಅಲ್ಲಿಂದ ತೆಗೆದುಕೊಡುತ್ತದೆ, ಕಾಯುವ ಮಾತೇ ಇಲ್ಲ. ಡ್ರೈವರ್ ಹೊಸದಾದರೆ ಹಳೆಯ ಸಂಗ್ರಹ ಹೊಂದುವುದಿಲ್ಲ, ಎಲ್ಲ ಮೊದಲಿನಿಂದ. ಕೊಟ್ಟ ಜಾಗ ತುಂಬಿದರೆ ಬಹಳ ದಿನದಿಂದ ಮುಟ್ಟದ್ದನ್ನು ಹೊರಗೆ ಹಾಕುತ್ತದೆ.

ನೆನಪೂ ಹೀಗೆಯೇ ಎಂದು ಬರೆಯುವ ಆಸೆ ಆಯಿತು. ಹೋಲಿಕೆ ಸುಲಭವಾಗಿ ಸಿಕ್ಕಿತು ಎಂಬ ಕಾರಣಕ್ಕೇ ಅದನ್ನು ನಾನು ನಂಬುವುದಿಲ್ಲ.

ಡ್ರೈವರ್ ತನ್ನಷ್ಟಕ್ಕೆ ಹೊಸದಾಗುತ್ತಿರಬೇಕು ಎಂದು ಮೊದಲು ಎಣಿಸಿದೆ. ಅದನ್ನು ನಿಲ್ಲಿಸಿದೆ. ಜಾಗ ಸಾಲದೇನೋ ಎಂದು ಮಿತಿಯನ್ನೂ ಏರಿಸಿದೆ. ಬಂದ ಶುಕ್ರವಾರ ಮತ್ತೊಬ್ಬರ ಮನೆ ಮತ್ತೆ ಹೊಸ್ತಿಲಲ್ಲಿ ನಿಂತಿತು, ಅವರೂ ಎದ್ದು ಹೋದರು. ಅಕ್ಕ ನನ್ನನ್ನು ಬೈಯಲಿಲ್ಲ, ಕುರ್ಚಿಯನ್ನು ಮೇಜಿನ ಕೆಳಕ್ಕೆ ತಳ್ಳಿ ಒಳಗೆ ಹೋದಳು. ಆಮೇಲೆ ನಾನು ಕ್ಯಾಶ್ ಇರುವ ಫೋಲ್ಡರನ್ನೇ ತೆರೆದು ಫೋಟೊ ಹೊಡೆಯತೊಡಗಿದೆ. ಗುರುವಾರ ಸಂಜೆ ತುಂಬಿತ್ತು. ಶುಕ್ರವಾರ ಮಧ್ಯಾಹ್ನ ಹೆಚ್ಚುಕಡಿಮೆ ಖಾಲಿ. ನನ್ನ ನೆನಪು ಸುಳ್ಳು ಹೇಳಿರಲಿಲ್ಲ. ಅಕ್ಕನೂ ಹೇಳಿರಲಿಲ್ಲ. ಗುರುವಾರ ಸಂಜೆಗೂ ಶುಕ್ರವಾರ ಗಿರಾಕಿ ಬರುವುದಕ್ಕೂ ನಡುವೆ ಯಾರೋ ಅದನ್ನು ಬರಿದು ಮಾಡುತ್ತಿದ್ದರು.

ಪಣಕಹಳ್ಳಿಯವರು ಬರಬೇಕಾಗಿದ್ದ ಶುಕ್ರವಾರ ನಾನು ಬೆಳಿಗ್ಗೆಯೇ ಹೋಗಿ ಜಗಲಿಯ ಮೇಲೆ ಕುಳಿತೆ. ಅಕ್ಕ ಅಂಗಳಕ್ಕೆ ಸಗಣಿ ನೀರು ಚಿಮುಕಿಸಿ ರಂಗೋಲಿ ಬಿಟ್ಟಿದ್ದಳು. ಮನೆಯೆಲ್ಲ ಗುಡಿಸಿ, ಒರೆಸಿ, ತಲೆಗೆ ನೀರು ಹಾಕಿಕೊಂಡು ಬಂದು ಹೊಸ್ತಿಲಿಗೆ ಅರಿಸಿನ ಬಳಿದಳು. ಆಮೇಲೆ ಮುಂದಿನ ಕೋಣೆಗೆ ಬಂದು ಒದ್ದೆ ಬಟ್ಟೆಯಲ್ಲಿ ಮೇಜು ಒರೆಸಿ, ಪರದೆಯ ಮೂಲೆಗೆ ಕುಂಕುಮ ಇಟ್ಟು, ಕಂಪ್ಯೂಟರ್ ಹಾಕಿ ಕುಳಿತಳು. ಡಿಸ್ಕ್ ಕ್ಲೀನಪ್ ತೆರೆದಳು. ಒಂದೊಂದಾಗಿ ಎಲ್ಲ ಚೌಕಗಳಿಗೂ ಟಿಕ್ ಹಾಕಿದಳು.

"ಏನಕ್ಕ ಮಾಡ್ತಾ ಇರದು?"

"ಕಾಣಲ್ವಾ? ಕಸ ಗುಡುಸ್ತಾವ್ನಿ."

"ಯಾವ್ ಕಸ?"

"ಕಂಪ್ಯೂಟ್ರು ಕಸ ಕಣ್ಲಾ. ಸುಕ್ರವಾರ ಮನೆನೆಲ್ಲ ಗುಡ್ಸಿ ಇದ್ರೊಳಗೆ ಕಸ ಮಡಿಕ್ಕಳದಾ? ಲಕ್ಷ್ಮಿ ಬರಬ್ಯಾಡ್ವಾ?"

ನಾನು ಎದ್ದು ಮೇಜಿನ ಹತ್ತಿರ ಹೋಗುವಷ್ಟರಲ್ಲಿ ಅವಳು ಓಕೆ ಒತ್ತಿಯಾಗಿತ್ತು. ಹಸಿರು ಪಟ್ಟಿ ಎಡದಿಂದ ಬಲಕ್ಕೆ ಹರಿದು ಮುಗಿಯಿತು. ಅವಳು ಟಿಕ್ ಹಾಕಿದ್ದರಲ್ಲಿ ಶೇಡರ್ ಕ್ಯಾಶ್ ಎಂಬುದೂ ಒಂದು ಸಾಲು, ಕಸದ ಬುಟ್ಟಿಯ ಪಕ್ಕದಲ್ಲೇ.

ಆಗಲೇ ಒಂದು ನೆನಪಿನ ಚಿತ್ರ ಕಣ್ಣೆದುರಿಗೆ ಬಂತು. ಇದೇ ಕುರ್ಚಿ, ಅವಳ ಹಿಂದೆ ನಿಂತು ಬಗ್ಗಿ, ಮೌಸಿನ ಮೇಲಿದ್ದ ಅವಳ ಕೈಯ ಮೇಲೆ ನನ್ನ ಕೈ ಇಟ್ಟು, ಇಲ್ಲಿ ಒತ್ತು, ಇಲ್ಲಿ ಒತ್ತು ಎನ್ನುತ್ತಿದ್ದೇನೆ.

"ಇದ ನಾನೇ ಏಳ್ಕೊಟ್ನೇನೋ ಅಲ್ವಾ ಅಕ್ಕ?"

"ನೀನಾ?" ಅಕ್ಕ ನಕ್ಕಳು. "ಆಗ ನೀನು ಮೈಸೂರ್ಲಿ ಇದ್ದೆ ಕಣ್ಲಾ. ಪೆಟ್ಗೆ ತಂದಿದ್ದೂ ನೀನು ಕಂಡಿಲ್ಲ. ಮಾರಿದೋನು ಏಳ್ದ, ವಾರಕ್ಕೊಂದ್ಸಲಿ ಕಸ ತೆಗೀರಿ ಅಂತ. ವಾರಕ್ಕೊಂದ್ಸಲಿ ಅಂದ್ರೆ ಸುಕ್ರವಾರ್ವೆ. ಎಲ್ಲಾದ್ನೂ ನಿನ್ ತಲೆ ಮೇಲೆ ಎಳ್ಕಬ್ಯಾಡ ಬುಡು."

ಹಾಗಾದರೆ ಆ ಕೈ ಯಾರ ಕೈ ಎಂದು ನಾನು ಕೇಳಲಿಲ್ಲ. ಅವಳಿಗೆ ಅರ್ಥವಾಗುವಂತೆ ಹೇಳುವುದು ಮುಖ್ಯವಾಗಿತ್ತು.

"ನೋಡಕ್ಕ, ನೀನು ತೆಗ್ದಿದ್ದು ಕಸ ಅಲ್ಲ. ಬೀಸಿ ಮಡಗಿದ ರಾಗಿ ಇಟ್ಟು. ಇದ್ರೊಳಗೆ ಡ್ರೈವರ್ ಅಂತ ಒಂದು ಮಿಲ್ಲು ಅದೆ ಅನ್ಕ. ವಾರವೆಲ್ಲ ನೀನು ಕೆಲ್ಸ ಮಾಡ್ವಾಗ ಅದು ಬೀಸಿ ಬೀಸಿ ಡಬ್ಬ ತುಂಬ್ಸದೆ. ನೀನು ಸುಕ್ರವಾರ ಆ ಇಟ್ನೆಲ್ಲ ತಿಪ್ಪೆಗೆ ಸುರೀತೀಯ. ಗಿರಾಕಿ ಉಣ್ಣಕ್ಕೆ ಕುಂತ್ಮೇಲೆ ರಾಗಿ ಎತ್ಕಂಡು ಮಿಲ್ಗೆ ಓಡ್ತೀಯ. ಬಾಗ್ಲಲ್ಲಿ ನಿಲ್ಲದು ಅದ್ಕೆ."

ಅಕ್ಕ ಪರದೆಯ ಕಡೆ ಬೆರಳು ತೋರಿಸಿದಳು. "ಇಟ್ಟಾದ್ರೆ ಕಸದ್ ಪಟ್ಟೀಲಿ ಯಾಕ್ಲಾ ಬರ್ದವ್ರೆ?"

"ತೆಗುದ್ರೂ ನಷ್ಟ ಇಲ್ಲ, ಮತ್ತೆ ಬೀಸ್ಕತದೆ ಅಂತ."

"ಅಂಗಾರೆ ನಷ್ಟ ಇಲ್ಲ."

"ನಷ್ಟ ಇಲ್ಲ. ಒತ್ತು ಇಡೀತದೆ."

"ಒತ್ತು ಎಲ್ಲದೆ?" ಅವಳ ದನಿ ಆಗ ಬದಲಾಯಿತು. ಗೋಡೆಯಲ್ಲಿದ್ದ ತಮಿಳು ಕ್ಯಾಲೆಂಡರಿನ ಕಡೆ ಕೈ ತೋರಿಸಿದಳು. ಅದರಲ್ಲಿ ಅಂದಿನ 'ನಲ್ಲ ನೇರಂ', ಎಂದರೆ ಒಳ್ಳೆಯ ಗಳಿಗೆ, ಒಂಬತ್ತರ ಮೇಲೆ ಶುರುವಾಗಿ ರಾಹುಕಾಲಕ್ಕೆ ಮೊದಲೇ ಮುಗಿಯುತ್ತಿತ್ತು. "ಒಳ್ಳೆ ಗಳಿಗೇಲೇ ಬತ್ತೀವಿ ಅಂದವ್ರೆ. ಇನ್ನೇನು ಬಂದ್ಬುಡ್ತಾರೆ."

ಅವರು ಬರುವ ಮೊದಲು ನಾವೇ ಒಂದು ಸಲ ಆ ಮನೆಯನ್ನೆಲ್ಲ ನಡೆದುಬಿಟ್ಟರೆ, ನಿಲ್ಲಬೇಕಾದಲ್ಲೆಲ್ಲ ಈಗಲೇ ನಿಂತು, ಅವರ ಪಾಲಿಗೆ ಎಲ್ಲ ಸಿದ್ಧವಾಗಿರುತ್ತದೆ ಎಂದೆ. ಅಕ್ಕ ಮೌಸ್ ಮುಟ್ಟಲಿಲ್ಲ.

"ಅವ್ರ ಮನೆಗೆ ಅವ್ರಿಗಿಂತ ಮೊದ್ಲು ನಾವು ಕಾಲಿಡದಾ? ಅದೂ ಸುಕ್ರವಾರ?"

"ಮನೆನೇ ಇಲ್ವಲ್ಲಕ್ಕ. ಬರೀ ಚಿತ್ರ."

"ಚಿತ್ರಾನೇ ಅಲ್ವಾ ನಿಂತಿದ್ದು? ಅದ್ಕೇ ಅಲ್ವಾ ಜನ ಎದ್ದೋಗಿದ್ದು?" ಅವಳು ಕುರ್ಚಿಯಿಂದ ಎದ್ದಳು. "ನೀನೇ ಓಗು. ನೀನು ಯಾವ್ದೂ ನಂಬಲ್ಲ, ನಿಂಗೆ ದೋಷ ತಟ್ಟಲ್ಲ."

ಭಾವ ಟೀ ಲೋಟ ಹಿಡಿದು ಬಾಗಿಲಿಗೆ ಒರಗಿದ್ದರು. "ಗೃಹಪ್ರವೇಶಕ್ಕೆ ಮೊದ್ಲು ಅಸ ನುಗ್ಸಬೇಕಲ್ವಾ? ಈಗ ಮೇಷ್ಟ್ರು ನುಗ್ತಾವ್ರೆ. ಮೇಷ್ಟ್ರೇ, ಬಾಲ ಜ್ವಾಪಾನ, ಬಾಗ್ಲಿಗೆ ಸಿಕ್ಕಾಕತದೆ."

"ನೀವು ಈರುಳ್ಳಿ ನೋಡೋಗಿ," ಎಂದಳು ಅಕ್ಕ.

ನಾನು ಕುಳಿತು ಆ ಮನೆಯೊಳಗೆ ಹೊರಟೆ. ಹೊಸ್ತಿಲಲ್ಲಿ ನಿಂತಿತು. ಕಾದೆ. ಹಾಲಿನಲ್ಲಿ ನಿಂತಿತು, ಟೈಲ್ಸಿನ ಹೊಳಪು ತುಂಡುತುಂಡಾಗಿ ಮೂಡಿತು. ಮೆಟ್ಟಿಲಿನ ಸ್ಟೀಲ್ ಕಂಬಿಗೆ, ಅಡುಗೆಮನೆಯ ಗ್ರಾನೈಟಿಗೆ, ದೇವರಮನೆಯ ದೀಪಕ್ಕೆ, ಎಲ್ಲದಕ್ಕೂ ನಿಂತಿತು. ಹಗಲು ಮಾಡಿ ನಡೆದೆ, ಸಂಜೆಯ ಬೆಳಕು ಹಾಕಿ ಮತ್ತೆ ನಡೆದೆ. ಯಾರೂ ವಾಸಿಸದ, ಇನ್ನೂ ಒಂದು ಇಟ್ಟಿಗೆಯೂ ಬೀಳದ ಮನೆಯಲ್ಲಿ ಒಬ್ಬನೇ ಬಾಗಿಲು ಬಾಗಿಲಿಗೂ ನಿಂತು ಕಾಯುವುದು ಎಂಥದೋ ಆಯಾಸ. ಅಕ್ಕ ನನ್ನ ಬೆನ್ನ ಹಿಂದೆ ನಿಂತಿದ್ದಳು, ಅವಳ ಒದ್ದೆ ಕೂದಲಿನ ಸೀಗೆಯ ವಾಸನೆ ಬರುತ್ತಿತ್ತು. ಎರಡನೆಯ ಸುತ್ತಿನಲ್ಲಿ ಹೊಸ್ತಿಲು ತಡೆಯದೆ ದಾಟಿದಾಗ ಅವಳು ಉಸಿರು ಬಿಟ್ಟದ್ದು ಕೇಳಿಸಿತು. ಅಷ್ಟರಲ್ಲಿ ಹೊರಗೆ ಸ್ಕೂಟರ್ ನಿಂತಿತು. ನಾನು ಕುರ್ಚಿ ಬಿಟ್ಟು ಎದ್ದು ಮೇಜಿಗೆ ಒತ್ತಿಕೊಂಡು ನಿಂತೆ.

ಗಂಡ ಬಾಗಿಲ ಬಳಿಯೇ ಕೈಕಟ್ಟಿ ನಿಂತ. ಹೆಂಡತಿ ಬಂದು ಕುರ್ಚಿಯಲ್ಲಿ ಕುಳಿತಳು. ನಲವತ್ತರ ಆಸುಪಾಸಿನ ಹೆಂಗಸು. ಮನೆ ಯಾರದೆಂಬುದು ಅವಳು ಕುಳಿತ ರೀತಿಯಲ್ಲೇ ತಿಳಿಯುತ್ತಿತ್ತು. ಅಕ್ಕ ಪಕ್ಕದ ಸ್ಟೂಲಿನ ಮೇಲೆ ಕುಳಿತು ಮೌಸ್ ಹಿಡಿದಳು. ಬೀದಿ, ಮೆಟ್ಟಿಲು, ಬಾಗಿಲು. ಹೊಸ್ತಿಲು ದಾಟಿತು. ಅಕ್ಕ ನನ್ನ ಕಡೆ ತಿರುಗಲಿಲ್ಲ.

"ಅಡುಗೆಮನೆ ಕಿಟ್ಕಿ ಒಲದ ಕಡೆಗೆ ಅದಾ?" ಹೆಂಗಸು ಕೇಳಿದಳು.

"ಅದೆ ಕನವ್ವ. ಒಲೆ ಮುಂದೆ ನಿಂತ್ರೆ ಜೋಳದ ಒಲ ಪೂರ್ತಿ ಕಾಣ್ತದೆ."

"ಆನೆ ಬಂದ್ರೂ ಕಾಣ್ತದಾ?"

"ಆನೆ ಬಂದ್ರೆ ಇವ್ಳಿಗೆ ಕಿಟ್ಕಿ ಯಾಕೆ," ಎಂದ ಗಂಡ ಬಾಗಿಲಿಂದಲೇ. "ಇವ್ಳ ಗಂಟ್ಲು ಕೇಳಿ ಅದೇ ಓಯ್ತದೆ."

ಹೆಂಗಸು ಅವನ ಕಡೆ ನೋಡಲೂ ಇಲ್ಲ. "ಹಿಂದ್ಲ ಬಾಗ್ಲು ತೋರ್ಸಕ್ಕ. ಕೊಟ್ಟಿಗೆ ಕಡೆದು."

ಹಿಂದಿನ ಬಾಗಿಲಿನಿಂದ ಆಚೆ ನಾನು ಹೋಗಿರಲಿಲ್ಲ. ಕೊಟ್ಟಿಗೆಯ ತಗಡಿನ ಸೂರು, ಗಂಜಲ ಹರಿಯುವ ಕಾಲುವೆಯ ನೀರು, ಹುಲ್ಲಿನ ಬಣವೆ, ಎಲ್ಲ ಹೊಸವು. ಮನೆಯೊಳಗೆಲ್ಲೂ ಇಲ್ಲದವು. ಅಕ್ಕನಿಗೆ ಹೇಳುವ ದಾರಿ ಇರಲಿಲ್ಲ. ಅವಳು ಹಿಂದಿನ ಬಾಗಿಲು ತೆರೆದಳು.

ಚಿತ್ರ ನಿಂತಿತು.

ಫ್ಯಾನ್ ಜೋರಾಯಿತು. ಬಾಗಿಲ ಚೌಕಟ್ಟಿನಲ್ಲಿ ತಗಡಿನ ಅರ್ಧ ಸೂರು ಬೂದು ಬಣ್ಣಕ್ಕೆ ತಿರುಗಿ ಹಾಗೇ ಉಳಿಯಿತು. ಗಂಡ ಕಟ್ಟಿದ ಕೈ ಬಿಚ್ಚಿದ. ಅಕ್ಕ ಮೌಸಿನ ಮೇಲಿಂದ ಕೈ ತೆಗೆದು ಮಡಿಲಲ್ಲಿ ಇಟ್ಟುಕೊಂಡಳು. ಹಿಂದಿನ ಶುಕ್ರವಾರಗಳಲ್ಲೂ ಅವಳು ಹಾಗೆ ಕೈ ತೆಗೆದದ್ದನ್ನು ನಾನು ನೋಡಿದ್ದೆ. ಆಮೇಲೆ ಕುರ್ಚಿ ಹಿಂದಕ್ಕೆ ಸರಿಯುವ ಸದ್ದು ಬರಬೇಕು.

ಹೆಂಗಸು ಕುಳಿತೇ ಇದ್ದಳು. "ಬರುವಾಗ ತಡೀಲಿಲ್ಲ," ಎಂದಳು, ತನಗೇ ಹೇಳಿಕೊಂಡಂತೆ. ಆಮೇಲೆ ಗಂಡನ ಕಡೆ ತಿರುಗಿದಳು. "ನೋಡುದ್ರಾ? ಒಳಕ್ಕೆ ಬರುವಾಗ ಎಲ್ಲೂ ತಡೀಲಿಲ್ಲ. ಓಗುವಾಗ ತಡೀತಾ ಅದೆ. ಬಂದ ಲಕ್ಷ್ಮಿ ಆಚೆಗೆ ಓಗಾಕಿಲ್ಲ ಅಂತದೆ."

ಗಂಡ ಪರದೆಯನ್ನು ನೋಡಿದ, ಹೆಂಡತಿಯನ್ನು ನೋಡಿದ. "ಅಂಗಂತೀಯಾ?"

"ಅಂಗೇ ಅದು."

ಕೊಟ್ಟಿಗೆಯ ತಗಡು ಹೊಸದು, ಡ್ರೈವರ್ ಅದನ್ನು ಈಗಷ್ಟೇ ತಿರುಗಿಸುತ್ತಿದೆ, ಇನ್ನೊಂದು ಗಳಿಗೆ ತಡೆಯಿರಿ ಎಂದು ಹೇಳಲು ನಾನು ಬಾಯಿ ತೆರೆದೆ. ಅಕ್ಕ ಮೇಜಿನ ಕೆಳಗೆ ನನ್ನ ಕಾಲು ತುಳಿದಳು, ಬಲವಾಗಿಯೇ. ಬಾಯಿ ಮುಚ್ಚಿದೆ. ಕೊಟ್ಟಿಗೆ ಆಮೇಲೆ ತಾನಾಗಿಯೇ ತೆರೆದುಕೊಂಡಿತು, ಕಾಲುವೆಯ ನೀರೂ ಹರಿಯಿತು. ಅದನ್ನು ಯಾರೂ ಅಷ್ಟಾಗಿ ಗಮನಿಸಲಿಲ್ಲ. ಕಾಲುವೆಯನ್ನು ತಿಪ್ಪೆಯ ಕಡೆಗೆ ತಿರುಗಿಸಬೇಕೆಂದು ಹೆಂಗಸು ಹೇಳಿದಳು, ಅಕ್ಕ ಆಗಲೆಂದಳು. ರಾಹುಕಾಲ ಹಿಡಿಯುವ ಮೊದಲೇ ಒಪ್ಪಿಗೆಯ ಎಲೆ ಅಡಿಕೆ ಕೊಟ್ಟು, ಮೇಸ್ತ್ರಿಯನ್ನು ಕರೆದುಕೊಂಡು ಬರುತ್ತೇವೆಂದು ಹೇಳಿ ಅವರು ಹೊರಟರು. ಭಾವ ಖಾಲಿ ಲೋಟವನ್ನು ಕಿಟಕಿಯ ಮೇಲಿಟ್ಟು, ಈರುಳ್ಳಿಗೆ ಜಗಲಿಯ ಆಚೆ ಬಿದಿರು ತಟ್ಟಿ ಕಟ್ಟಬೇಕು ಎನ್ನುತ್ತಾ ಹೊಲದ ಕಡೆ ನಡೆದರು.

ನಾನು ಅದೇ ಕುರ್ಚಿಯಲ್ಲಿ ಕುಳಿತೆ. ಕಾರಣ ಹುಡುಕಿದ್ದೆ, ಸರಿಯಾದ ಕಾರಣವೇ ಸಿಕ್ಕಿತ್ತು, ಮಾಡಬೇಕಾದದ್ದನ್ನು ಮಾಡಿದ್ದೆ. ಮಾಡದೆ ಉಳಿದ ಜಾಗದಿಂದ ಕೆಲಸ ಆಗಿತ್ತು. ಹಿಂದಿನ ಬಾಗಿಲನ್ನು ಹೊತ್ತು ಸಾಲದೆ ಬಿಟ್ಟೆನೋ, ಅದೊಂದು ಇದೆ ಎಂಬುದನ್ನೇ ಮರೆತೆನೋ, ಈಗ ನೆನೆದರೆ ಎರಡೂ ನಿಜವೆನಿಸುತ್ತದೆ. ಸ್ಕೂಟರ್ ಸದ್ದು ಕೇಳಿದ್ದು ಖಂಡಿತ. ಅದಕ್ಕೆ ಮುಂಚೆಯೇ ನನ್ನ ಕೈ ಮೌಸಿನ ಮೇಲೆ ಸುಮ್ಮನಾಗಿತ್ತೋ ಏನೋ.

ಅಕ್ಕ ಪಕ್ಕದ ಸ್ಟೂಲಿನ ಮೇಲೆ ಕುಳಿತು ಕೂದಲು ಬಿಚ್ಚಿ ಒಣಗಿಸಿಕೊಳ್ಳುತ್ತಿದ್ದಳು.

"ಆ ಇಟ್ಟಿನ್ ಡಬ್ಬ ಯಾವ್ದು ಅಂತ ತೋರ್ಸು. ಬರೋ ವಾರ್ದಿಂದ ಅದ ಒಂದ ಬುಟ್ಟು ಮಿಕ್ಕಿದ್ದ ಗುಡುಸ್ತೀನಿ."

ತೋರಿಸಿದೆ. ಅವಳು ಆ ಸಾಲಿನ ಮೇಲೆ ಬೆರಳಿಟ್ಟು ಒಮ್ಮೆ ಓದಿಕೊಂಡಳು.

"ಇನ್ನೊಂದು ಕೆಲ್ಸ ಮಾಡ್ಕೊಡು ಕಣ್ಲಾ."

"ಏನಕ್ಕ?"

"ಎಲ್ಲಾರ ಮನೇಲೂ ಹಿಂದ್ಲ ಬಾಗ್ಲಲ್ಲಿ ಮಾತ್ರ ಇಂಗೇ ನಿಲ್ಲಂಗೆ."

ಅವಳು ತಮಾಷೆ ಮಾಡುತ್ತಿದ್ದಾಳೇನೋ ಎಂದು ಮುಖ ನೋಡಿದೆ. ತಮಾಷೆ ಇರಲಿಲ್ಲ. ಆಗದ ಕೆಲಸವೇನೂ ಅಲ್ಲ. ಪ್ರತಿ ಮನೆಯ ಕೊಟ್ಟಿಗೆಗೂ ಬೇರೆಲ್ಲೂ ಬಳಸದ ಒಂದು ತಗಡನ್ನು ಹೊಸದಾಗಿ ಮಾಡಿ ಹೊದಿಸಿ, ಗಿರಾಕಿ ಬರುವವರೆಗೆ ಆ ಬಾಗಿಲು ತೆರೆಯದಿದ್ದರೆ ಸಾಕು. ಡ್ರೈವರಿಗೆ ಅದು ಯಾವತ್ತೂ ಮೊದಲ ಸಲವೇ.

"ಆಯ್ತದೆ ಅಕ್ಕ," ಎಂದೆ. "ಮೊದ್ಲು ಒಸಿ ಟೀ ಕೊಡು."